ದೊಡ್ಡ ಕರ್ಮದ ಅಂಗಳದಲ್ಲಿ ಮುನ್ನೂರು ಬುಟ್ಟಿ

ಬುಟ್ಟಿ ಹೆಣೆಯುವ ಹೆಂಗಸರನ್ನು ಗುರುತಿಸಬೇಕಾದರೆ ಮುಖ ನೋಡಬೇಕಾಗಿಲ್ಲ, ಕಾಲು ನೋಡಿದರೆ ಸಾಕು. ಅಜುಪೋಕಳ ಬಲಮೊಣಕಾಲಿನ ಕೆಳಗೆ ಅಂಗೈಯಗಲದ ಜಾಗ ಹೊಳೆದಂಡೆಯ ಕಲ್ಲಿನ ಹಾಗೆ ನುಣ್ಣಗೆ ಮಿನುಗುತ್ತಿತ್ತು. ಹುಲ್ಲನ್ನು ಎರಡಾಗಿ ಸೀಳಿ, ನೀರಲ್ಲಿ ನೆನೆಸಿ, ಅಲ್ಲಿಟ್ಟು ಅಂಗೈಯಿಂದ ಒತ್ತಿ ಹೊಸೆಯುವುದು. ನಲವತ್ತು ವರ್ಷ ಹಾಗೆ ಹೊಸೆದ ಕಾಲು ಅದು. ಎತ್ತರದ, ಒಣಕಲು ಮೈಯ ಹೆಂಗಸು. ಏಳುವಾಗ ಸೊಂಟ ಹಿಡಿದುಕೊಳ್ಳುತ್ತಿದ್ದಳು. ಬಾಯಿ ಮಾತ್ರ ಯಾವತ್ತೂ ಹಿಡಿದುಕೊಂಡವಳಲ್ಲ.

ಬೋಲ್ಗಾ ಸಂತೆಗೆ ಎರಡು ಗಂಟೆ ನಡಿಗೆಯ ದೂರದ ಯೊರೊಬಿಸಿ ಅವಳು ಮದುವೆಯಾಗಿ ಬಂದ ಊರು. ಗಂಡ ಬೇಗ ಹೋದ. ಒಬ್ಬನೇ ಮಗ ದಕ್ಷಿಣದ ಕೋಕೋ ತೋಟಕ್ಕೆ ಕೂಲಿಗೆ ಹೋದವನು ಮರ ಬಿದ್ದು ಅಲ್ಲೇ ತೀರಿಕೊಂಡ. ಸೊಸೆ ಹೆರಿಗೆಯಲ್ಲೇ ಹೋಗಿದ್ದಳು. ಉಳಿದದ್ದು ಒಂದು ಹೆಣ್ಣುಮಗು, ಮಂಗಳವಾರ ಹುಟ್ಟಿದ್ದಕ್ಕೆ ತಲಾತಾ ಎಂದು ಹೆಸರು. ಸಜ್ಜೆ ಮುದ್ದೆ, ಪುಂಡಿ ಸೊಪ್ಪಿನ ಸಾರು ತಿನ್ನಿಸಿ ಅಜ್ಜಿ ಅದನ್ನು ಐದು ವರ್ಷದವಳನ್ನಾಗಿ ಮಾಡಿದಳು. ಆ ವರ್ಷವೇ ಬಡಮಕ್ಕಳನ್ನು ಓದಿಸುವ ಸಂಸ್ಥೆಯವರು ಊರಿಗೆ ಕಾಲಿಟ್ಟದ್ದು.

ಸಂಸ್ಥೆಯ ಕಡೆಯಿಂದ ಬಂದವನು ಸಿಮೋನ್, ನಮ್ಮ ಫ್ರಾಫ್ರಾ ಜನದ ಹುಡುಗನೇ, ನಮ್ಮದೇ ಮಾತು. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಮಕ್ಕಳನ್ನೆಲ್ಲ ಬಾವೊಬಾಬ್ ಮರದ ಕೆಳಗೆ ಸಾಲಾಗಿ ನಿಲ್ಲಿಸಿ ಒಂದೊಂದಕ್ಕೂ ಫೋಟೋ ತೆಗೆದ.

"ಈ ಫೋಟೋ ನೋಡಿ ದೂರದೇಶದಲ್ಲಿ ಯಾರಾದ್ರೂ ನಿಮ್ಮ ಮೊಮ್ಮಗಳ ಶಾಲೆ ಖರ್ಚು ಹೊರ್ತಾರೆ ಅಜ್ಜಿ," ಅಂದ.

"ಯಾಕಪ್ಪಾ, ಅವ್ರೇನು ನಮಗೆ ನೆಂಟ್ರಾ?"

"ಅಲ್ಲ."

"ಮತ್ತೆ, ದೊಡ್ಡವಳಾದ ಮೇಲೆ ಹೆಣ್ಣು ಕೇಳ್ತಾರಾ?"

"ಅಯ್ಯೋ ಇಲ್ಲ ಅಜ್ಜಿ."

"ಹಾಗಿದ್ರೆ ಅವ್ರಿಗೆ ತಲೆ ಸರಿ ಇಲ್ಲ. ಆಗ್ಲಿ, ತೆಗಿ."

ಫೋಟೋ ನೋಡಿ ತಲಾತಾಳ ಕೈ ಹಿಡಿದವಳು ಇಂಗಾ ಅನ್ನುವ ಹೆಂಗಸು. ಅವಳು ಯಾವುದೋ ದೊಡ್ಡ ಮನೆಯ ಒಡತಿ, ಆಳುಕಾಳು ಇಟ್ಟುಕೊಂಡವಳು ಅಂತಲೇ ಅಜುಪೋಕ ನಾಲ್ಕು ವರ್ಷ ನಂಬಿದ್ದಳು. ತಲಾತಾ ಒಂಬತ್ತರ ಹುಡುಗಿಯಾಗಿ, ಬಂದ ಕಾಗದವನ್ನು ತಾನೇ ಓದಿ ಹೇಳುವಂತಾದಾಗ ನಿಜ ಗೊತ್ತಾಯಿತು. ಇಂಗಾ ಬಸ್ಸು ಓಡಿಸುತ್ತಿದ್ದಳು. ಹಿಮ ಬೀಳುವ ಊರಲ್ಲಿ ಬೆಳಕು ಹರಿಯುವ ಮೊದಲೇ ಎದ್ದು ಹೋಗಬೇಕು, ಸಂಜೆ ಹೊತ್ತಿಗೆ ಪಾದ ಊದಿಕೊಂಡು ಬೂಟು ಬಿಚ್ಚುವುದೇ ಕಷ್ಟ, ಗಂಡನಿಲ್ಲ, ಎಂದೆಲ್ಲ ಬರೆದಿದ್ದಳು.

"ಇನ್ನೊಂದ್ಸಲ ಓದು," ಅಂದಳು ಅಜುಪೋಕ. ತಲಾತಾ ಓದಿದಳು. ಅಜುಪೋಕ ಹುಲ್ಲು ಕೆಳಗಿಟ್ಟಳು. ಆಮೇಲೆ ಅಂದಳು: "ನನ್ನಂಥವಳೇ ಕಣೇ ಇವ್ಳು."

ಅವತ್ತಿಂದ ಅವಳಿಗೆ ಸಂಸ್ಥೆಯ ನೆರವು ಒಂದು ಕಡೆ ಸುಖ, ಒಂದು ಕಡೆ ಮುಳ್ಳು. ಊದಿದ ಕಾಲಿನ ಹೆಂಗಸೊಬ್ಬಳು ಎಷ್ಟು ದಿನ ಅಂತ ಹೊರುತ್ತಾಳೆ?

ಸಂಸ್ಥೆಯ ರೀತಿಯೂ ಸ್ವಲ್ಪ ಬೇರೆ. ಮಗುವಿಗೆ ಪುಸ್ತಕ, ಬಟ್ಟೆ ಕೊಟ್ಟು ಹೋಗಿಬಿಡುತ್ತಿರಲಿಲ್ಲ. ಸಾಕುವವರು ತಿಂಗಳಿಗೆರಡು ಸಲ ಮರದ ಕೆಳಗೆ ಬಂದು ಕೂರಲೇಬೇಕು. ಒಂದು ದಿನ ನಾವು ಹೋಗಿಬಿಡುವವರು, ಅಷ್ಟರೊಳಗೆ ನೀವು ನಿಂತಿರಬೇಕು ಅನ್ನುವುದನ್ನು ಸಿಮೋನ್ ಮೊದಲ ದಿನವೇ ಹೇಳಿದ್ದ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ, ಅಷ್ಟೆ.

ಬುಟ್ಟಿ ಹೆಣೆಯುವುದು ಯೊರೊಬಿಸಿಯ ಹೆಂಗಸರಿಗೆ ಹೊಸದಲ್ಲ. ಆದರೆ ಹುಲ್ಲು ನಮ್ಮದಲ್ಲ, ಅದು ದಕ್ಷಿಣದಿಂದ ಲಾರಿಯಲ್ಲಿ ಬರಬೇಕು. ತರುವವನೂ ಲಾರಿಯವನೇ, ಬುಟ್ಟಿ ಕೊಳ್ಳುವವನೂ ಅವನೇ. ಸಂತೆಯಲ್ಲಿ ಅವನು ಹೇಳಿದ್ದೇ ಬೆಲೆ. ಸಿಮೋನ್ ಒಂದು ಮಳೆಗಾಲದಲ್ಲಿ ಮೂಟೆ ತುಂಬ ಹುಲ್ಲಿನ ಬೇರುಗಡ್ಡೆ ತಂದು ಹಳ್ಳದ ದಂಡೆಗೆ ನೆಡಿ ಅಂದ. ಹೆಂಗಸರು ಬಿದ್ದು ಬಿದ್ದು ನಕ್ಕರು. ಹುಲ್ಲು ನೆಡೋದಂತೆ, ಮುಂದಿನ ವರ್ಷ ಕಲ್ಲು ನೆಡಿಸ್ತಾನೆ ಅಂದರು. ಅಜುಪೋಕಳೂ ನಕ್ಕಳು, ಆದರೆ ನೆಟ್ಟಳು. ಎರಡನೇ ವರ್ಷ ಹುಲ್ಲು ಎದೆಮಟ್ಟ ನಿಂತಿತು. ಮೂರನೇ ವರ್ಷ ಲಾರಿಯವನ ಮುಖ ನೋಡುವ ಕೆಲಸವೇ ಉಳಿಯಲಿಲ್ಲ. ಆಡು ಮೇಯ್ದುಬಿಡುತ್ತವೆಂದು ಸುತ್ತ ಮುಳ್ಳುಬೇಲಿ ಹಾಕಿ ಕೂಟ ಕಟ್ಟಿಕೊಂಡ ನಲವತ್ತೊಂದು ಹೆಂಗಸರು ಸರದಿಯ ಮೇಲೆ ಕಾದರು. ಒಂದೇ ಅಳತೆಗೆ ಹೆಣೆಯುವುದನ್ನೂ ಕಲಿತರು. ಅದಕ್ಕೆ ಮುಂಚೆ ಹೆಂಗಸಿನ ಮನಸ್ಸು ಇದ್ದ ಹಾಗೆ ಬುಟ್ಟಿ. ಸಿಟ್ಟು ಬಂದ ದಿನ ಬಿಗಿ, ಮಗು ಹುಟ್ಟಿದ ಮನೆಯಲ್ಲಿ ಸಡಿಲ.

ಹೀಗೆ ಹತ್ತು ವರ್ಷ ಕಳೆದ ಮೇಲೆ ಒಂದು ದಿನ ಸಿಮೋನ್ ಮರದ ಕೆಳಗೆ ನಿಂತು, ಟೋಪಿ ತೆಗೆದು, ಬರುವ ವರ್ಷದ ಕೊನೆಗೆ ಸಂಸ್ಥೆ ಈ ಊರಿನಿಂದ ಹೊರಡುತ್ತದೆ ಅಂದ. ಆಗ ತಲಾತಾಳೂ ಸೇರಿ ಊರಿನ ಇಪ್ಪತ್ತೊಂದು ಮಕ್ಕಳು ಮೇಲಿನ ಶಾಲೆಗಳಲ್ಲಿದ್ದರು, ಇಲ್ಲವೇ ಸೇರುವವರಿದ್ದರು. ಊರಿನ ಚಿಕ್ಕ ಶಾಲೆಯದು ಹೇಗೋ ನಡೆದೀತು. ಬೋಲ್ಗಾದಲ್ಲಿ ಇದ್ದು ಓದುವವರ ಗತಿ ಏನು? ತಲಾತಾ ಹೆಣ್ಣುಮಕ್ಕಳ ದೊಡ್ಡ ಶಾಲೆಗೆ ಸೇರುವುದಕ್ಕೆ ಆಯ್ಕೆಯಾಗಿ ತಿಂಗಳಷ್ಟೇ ಆಗಿತ್ತು. ಹೆಂಗಸರು ಅತ್ತರು, ಬೈದರು, ಸಿಮೋನನ ತಾಯಿಯನ್ನೂ ಬಿಡಲಿಲ್ಲ.

ಅಜುಪೋಕ ಎದ್ದು ಕೇಳಿದಳು: "ಅಳೋದೆಲ್ಲ ಆಯ್ತಾ? ಈಗ ಹೇಳು ಮಗ, ನಾವು ಏನು ಮಾಡಿದ್ರೆ ಆ ಇಪ್ಪತ್ತೊಂದು ಮಕ್ಕಳು ಶಾಲೆ ಬಿಟ್ಟು ಮನೆಗೆ ವಾಪಸ್ ಬರೋದಿಲ್ಲ?"

ಸಿಮೋನ್ ಹೇಳಿದ್ದು ಇದು: ರಾಜಧಾನಿ ಅಕ್ಕ್ರಾದಲ್ಲಿ ಅರಬಾ ಅನ್ನುವ ವ್ಯಾಪಾರಿ ಇದ್ದಾಳೆ, ಹೊರದೇಶಕ್ಕೆ ಹಡಗಿನಲ್ಲಿ ಬುಟ್ಟಿ ಕಳಿಸುತ್ತಾಳೆ, ಮಾತಿಗೆ ತಪ್ಪದವಳು, ತಪ್ಪುವವರನ್ನು ಸೇರಿಸದವಳು.

ಅರಬಾ ಮಳೆ ಮುಗಿಯುವ ಹೊತ್ತಿಗೆ ಬಂದಳು. ದಪ್ಪನೆಯ ಹೆಂಗಸು. ಬುಟ್ಟಿಯನ್ನು ಎಳೆದು ನೋಡಿದಳು, ತಿರುವಿ ನೋಡಿದಳು, ಕೊನೆಗೆ ಬೋರಲು ಹಾಕಿ ಅದರ ಮೇಲೆ ಕೂತೇ ನೋಡಿದಳು. ಬುಟ್ಟಿ ಜಗ್ಗಲಿಲ್ಲ.

"ಮುನ್ನೂರು ಬೇಕು. ಸುಗ್ಗಿ ಆದ ಮೇಲೆ ನನ್ನ ಲಾರಿ ಬರೋ ದಿನ ಇದು," ಎಂದು ದಿನ ಹೇಳಿದಳು. "ಅವತ್ತು ಸಿಕ್ಕಿದ್ರೆ ವರ್ಷಾ ವರ್ಷಾ ನಿಮ್ಮ ಹತ್ರಾನೇ ತಗೋತೀನಿ. ಒಂದು ದಿನ ತಡವಾದ್ರೂ ಹಡಗು ನಿಲ್ಲೋದಿಲ್ಲ. ಆಮೇಲೆ ನನ್ನ ಹೆಸರು ಹಿಡಿದು ಕೂಗ್ಬೇಡಿ."

"ಆ ದಿನಕ್ಕೆ ಇರುತ್ತೆ ಹೋಗಮ್ಮ," ಅಂದಳು ಅಜುಪೋಕ, ಎಲ್ಲರ ಪರವಾಗಿ. ಮುನ್ನೂರು ಬುಟ್ಟಿ ಅಂದರೆ ಇಪ್ಪತ್ತೊಂದು ಮಕ್ಕಳ ಒಂದು ವರ್ಷ. ವರ್ಷಾ ವರ್ಷಾ ಅಂದರೆ ಓದು ಮುಗಿಯುವವರೆಗೆ.

ಆದರೆ ಅವಳು ಒಂದು ಲೆಕ್ಕ ಮರೆತಿದ್ದಳು. ಬೇರೆ ಊರಿನವರಾಗಿದ್ದರೆ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ.

ಅವಳ ಭಾವ ಅಯಂಬಿರೆ, ಗಂಡನ ಅಣ್ಣ, ಇಡೀ ಮನೆತನದ ಹಿರಿಯನಾಗಿದ್ದವನು, ಸತ್ತು ನಾಲ್ಕು ವರ್ಷವಾಗಿತ್ತು. ಹೂಳುವುದು ಅವತ್ತೇ ಆಗಿತ್ತು. ಸತ್ತವನನ್ನು ಹಿರೀಕರ ಹತ್ತಿರ ಕಳಿಸಿಕೊಡುವ ದೊಡ್ಡ ಕರ್ಮ ಬಾಕಿ. ಅದಕ್ಕೆ ಕಣಜ ಕಣಜ ಕಾಳು ಬೇಕು, ಬಂದವರಿಗೆಲ್ಲ ಮೊಳಕೆ ಜೋಳದ ಹೆಂಡ, ಪಿಟೊ, ಕಾಯಿಸಬೇಕು. ನಾಲ್ಕು ವರ್ಷವೂ ಕಾಳು ಸಾಲದೆ ಮುಂದೆ ಹೋಗುತ್ತಲೇ ಇತ್ತು. ಈ ವರ್ಷವೂ ಹಾಗೇ ಅಂದುಕೊಂಡಿದ್ದಳು. ಬೆಳೆಯೋ, ಹಿಂದೆಂದೂ ಕಾಣದಂತೆ ಬಂತು. ಕೊಯ್ಯುವುದಕ್ಕೆ, ಬಡಿಯುವುದಕ್ಕೆ, ತೂರುವುದಕ್ಕೆ ಹೆಂಗಸರ ಕೈಯೆಲ್ಲ ಹೋಯಿತು. ಲಾರಿ ಬರುವುದಕ್ಕೆ ಹನ್ನೆರಡು ದಿನ ಇದೆ ಅನ್ನುವಾಗ ಆಗಿದ್ದದ್ದು ನೂರ ಎಂಬತ್ತು ಬುಟ್ಟಿ. ತಲೆಗೆ ಮೂರು ಹೆಣೆದರೆ ಮುಗಿಯುತ್ತದೆ, ಒಂಬತ್ತು ದಿನದ ಕೆಲಸ ಎಂದು ಅವಳು ಧೈರ್ಯವಾಗೇ ಇದ್ದಳು. ಅಷ್ಟರಲ್ಲಿ ಮೈದುನ ಅಕುರುಗು, ಈಗ ಮನೆತನದ ಹಿರಿಯ, ಕಣಜದ ಮುಚ್ಚಳ ತೆಗೆದು ನೋಡಿ, ಪಿಟೊಗೆಂದು ಜೋಳ ಮೊಳಕೆಗೆ ಹಾಕಿಸಿಯೇಬಿಟ್ಟ.

"ಅತ್ತಿಗೆ, ಶುಕ್ರವಾರ ಅಣ್ಣನ ಬಿಲ್ಲು ಹೊರಗೆ ತೆಗೀತೀವಿ," ಅಂದ ಅವನು ಸಂತೋಷದಿಂದ.

ಆ ಮನೆತನದ ಕಟ್ಟಳೆ ಏನೆಂದರೆ, ಸತ್ತವನ ಬಿಲ್ಲು ಹೊರಗೆ ಬಂದ ಗಳಿಗೆಯಿಂದ ಕೊನೆಯ ಪಿಟೊ ಮಡಕೆ ಬೋರಲು ಬೀಳುವವರೆಗೆ, ಏಳು ದಿನ, ಯಾರೂ ಗುದ್ದಲಿ ಮುಟ್ಟಬಾರದು, ಹುಲ್ಲು ಹೊಸೆಯಬಾರದು. ಹುಲ್ಲು ಹೊಸೆದರೆ ಹೋಗುವವನ ದಾರಿ ತಿರುಚಿಕೊಳ್ಳುತ್ತದೆ. ಊರಲ್ಲಿ ಮುಕ್ಕಾಲು ಮನೆ ಆ ಮನೆತನದವೇ.

"ಒಂದೇ ಒಂದು ವಾರ ಮುಂದೆ ಹಾಕೋಕಾಗಲ್ವಾ ಅಪ್ಪಾ?"

"ಮೊಳಕೆ ಬಂದ ಜೋಳಕ್ಕೆ ಕಾಯಿ ಅಂತ ಹೇಳೋಕಾಗುತ್ತಾ? ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆಲ್ಲ ಹೇಳಿ ಕಳ್ಸಾಗಿದೆ."

"ಹಾಗಾದ್ರೆ ಹುಲ್ಲು ಹಿಡಿಯೋಕೆ ಅಪ್ಪಣೆ ಕೊಡು. ಮಕ್ಕಳ ಓದು ನಿಂತಿರೋದು ಅದರ ಮೇಲೆ. ನಿನ್ನ ಮೊಮ್ಮಗನೂ ಇದ್ದಾನೆ ಅದರಲ್ಲಿ."

ಅಕುರುಗು ತಲೆ ತಗ್ಗಿಸಿದ. ಕೆಟ್ಟ ಮನುಷ್ಯನಲ್ಲ ಅವನು. "ಕಟ್ಟಳೆ ನಾನು ಮಾಡಿದ್ದಾಗಿದ್ರೆ ಈಗ್ಲೇ ಮುರೀತಿದ್ದೆ ಅತ್ತಿಗೆ. ನಾನು ಮಾಡಿದ್ದಲ್ಲ."

ಹೆಂಗಸರಲ್ಲಿ ಕೆಲವರು ಒಳಗೆ ಬಾಗಿಲು ಹಾಕಿಕೊಂಡು ಗುಟ್ಟಾಗಿ ಹೆಣೆಯೋಣ ಅಂದರು. ಅಜುಪೋಕ ಬೇಡವೇ ಬೇಡ ಅಂದಳು. "ಈ ವರ್ಷ ಯಾರ ಮನೇಲಿ ಮಗು ಕೆಮ್ಮಿದ್ರೂ ಬುಟ್ಟಿ ಮೇಲೇ ಬರುತ್ತೆ. ಆಮೇಲೆ ಒಬ್ರ ಮುಖ ಒಬ್ರು ನೋಡಲ್ಲ. ಕೂಟಾನೇ ಒಡೆದ್ಮೇಲೆ ಬುಟ್ಟಿ ಯಾರಿಗೆ?" ಸಿಮೋನ್ ಅರಬಾಗೆ ಫೋನು ಮಾಡಿದ. ಹಡಗು ಹಡಗೇ, ನಿಲ್ಲೋದಿಲ್ಲ ಅಂದಳಂತೆ.

ಮಾರನೆಯ ದಿನ ಬೋಲ್ಗಾ ಸಂತೆ. ಅಜುಪೋಕ ನೆಟ್ಟಗೆ ಪರ್ಪೆತುವಾಳ ಪಿಟೊ ಅಂಗಡಿಗೆ ಹೋದಳು.

ಪರ್ಪೆತುವಾ ದಗಾಬ ಜನದ ಹೆಂಗಸು. ದಗಾಬರೂ ಫ್ರಾಫ್ರಾಗಳೂ ಗೇಲಿಯ ನೆಂಟರು. ಬಹಳ ಹಿಂದೆ ಅಣ್ಣತಮ್ಮಂದಿರಿಬ್ಬರು ಒಂದು ನಾಯಿಯ ತಲೆಗಾಗಿ ಜಗಳವಾಡಿ ಬೇರೆಯಾದರಂತೆ, ಅವರ ಸಂತಾನ ಇವರು. ಒಬ್ಬರನ್ನು ಒಬ್ಬರು ಆಳು, ಜೀತದವನು ಅಂತ ಬೈಯಬಹುದು, ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ. ಸಾವಿನ ಮನೆಯಲ್ಲಂತೂ ಗೇಲಿಯ ನೆಂಟರ ಮಾತೇ ಮಾತು. ಅವರು ಬಂದು ಏನನ್ನಾದರೂ ಹಿಡಿದುಕೊಂಡು ಕೂತರೆ, ಕೇಳಿದ್ದು ಕೊಟ್ಟು ಬಿಡಿಸಿಕೊಳ್ಳುವವರೆಗೆ ಕರ್ಮ ಮುಂದೆ ಹೋಗುವುದಿಲ್ಲ.

"ಓಹೋ, ನನ್ನ ಆಳು ಬಂದ್ಲು," ಅಂದಳು ಪರ್ಪೆತುವಾ, ಹಂಡೆಯಿಂದ ತಲೆ ಎತ್ತದೆ. "ಮಡಕೆ ರಾಶಿ ಬಿದ್ದಿದೆ, ತೊಳಿ."

"ತೊಳೀತೀನಿ. ನಿಮ್ಮಜ್ಜ ಎತ್ಕೊಂಡು ಓಡಿಹೋದ ನಾಯಿ ತಲೆ ಮೊದ್ಲು ತಂದಿಡು."

"ಅದನ್ನ ನಿಮ್ಮಜ್ಜ ನೆಕ್ಕಿ ನೆಕ್ಕಿ ಇಟ್ಟಿದ್ದ, ನಮ್ಮಜ್ಜ ಅಸಹ್ಯ ಪಟ್ಕೊಂಡು ಎಸೆದ." ಸೋರೆ ಬುರುಡೆಯಲ್ಲಿ ಪಿಟೊ ತುಂಬಿ ಕೊಟ್ಟಳು.

ಅಜುಪೋಕ ಒಂದು ಗುಟುಕು ಕುಡಿದು, "ನೀರು ಬೆರೆಸಿದ್ದೀಯ," ಅಂದಳು.

"ನಿನ್ನ ನಾಲಿಗೆಗೆ ಅದೇ ಜಾಸ್ತಿ." ಪರ್ಪೆತುವಾ ಈಗ ಅವಳ ಮುಖ ನೋಡಿದಳು. "ಏನಾಯ್ತೇ? ಮುಖ ಯಾಕೆ ಹಾಗಿದೆ?"

ಅಜುಪೋಕ ಎಲ್ಲ ಹೇಳಿದಳು. ಮಕ್ಕಳು, ಲಾರಿ, ಜೋಳದ ಮೊಳಕೆ, ಕಟ್ಟಳೆ. "ಸತ್ತೋನು ನಿನ್ನ ಆಳಲ್ವೇನೇ? ಅವನ ಕರ್ಮಕ್ಕೆ ಬರಲ್ವಾ?"

"ಅಯಂಬಿರೆನಾ? ನನ್ನ ಆಳುಗಳಲ್ಲೇ ಒಳ್ಳೇ ಆಳು ಅವ್ನು. ಬರ್ದೆ ಇರ್ತೀನಾ. ಬಿಲ್ಲು ಹಿಡ್ಕೊಂಡು ಕೂರ್ತೀನಿ, ಒಂದು ಗಿನಿಕೋಳಿ ಕೊಡೋವರೆಗೆ ಬಿಡಲ್ಲ."

"ಗಿನಿಕೋಳಿ ಕೇಳ್ಬೇಡ."

"ಆಡು?"

"ಮುನ್ನೂರು ಬುಟ್ಟಿ ಕೇಳು. ಕಮ್ಮಿ ಇರೋದನ್ನ ಅಲ್ಲೇ ಅಂಗಳದಲ್ಲಿ ಕೂತು ಹೆಣೆದು ಕೊಡ್ಬೇಕು ಅಂತ ಕೇಳು."

ಪರ್ಪೆತುವಾಳ ಕೈಯ ಸೌಟು ಹಂಡೆಯೊಳಗೆ ಬಿತ್ತು. ಆಮೇಲೆ ಅವಳು ನಕ್ಕ ನಗುವಿಗೆ ಪಕ್ಕದ ಒಣಮೀನಿನವಳು ಎದ್ದು ಬಂದಳು. ನಗು ನಿಂತ ಮೇಲೆ ಪರ್ಪೆತುವಾ ಮೆಲ್ಲಗೆ ಕೇಳಿದಳು: "ಇಂಥದ್ದನ್ನ ಯಾರೂ ಕೇಳಿದ್ದಿಲ್ಲ ಕಣೇ. ಇದು ನೀನು ಹೂಡಿದ ಆಟ ಅಂತ ಹಿರೀಕರು ಎಗರಿ ಬಿದ್ರೆ? ಸತ್ತೋನ ಜೊತೆ ಆಟ ಆಡಿದ್ಲು ಅಂತ ನಿನ್ನ ಆ ಅಂಗಳಕ್ಕೇ ಸೇರಿಸಲ್ಲ."

"ಗೊತ್ತು," ಅಂದಳು ಅಜುಪೋಕ. "ಆದ್ರೆ ಕಟ್ಟಳೆ ಮುರಿಯೋ ಹಾಗಿಲ್ಲ ಅಂದ್ಮೇಲೆ ಕಟ್ಟಳೆ ಒಳಗೇ ಬಾಗಿಲು ಹುಡುಕ್ಬೇಕು. ಇರೋ ಬಾಗಿಲು ನೀನೊಬ್ಳೇ."

ಶುಕ್ರವಾರ ಬಿಸಿಲೇರುವ ಹೊತ್ತಿಗೆ ಡೋಲು ಶುರುವಾಯಿತು. ಹೆಣ್ಣುಮಕ್ಕಳು ಎಲ್ಲೆಲ್ಲಿಂದಲೋ ಬಂದಿದ್ದರು. ಅಕುರುಗು ಒಳಗಿಂದ ಅಣ್ಣನ ಬಿಲ್ಲು ಬತ್ತಳಿಕೆ ತಂದು ಮಣ್ಣಿನ ಕಟ್ಟೆಯ ಮೇಲಿಟ್ಟ. ಅಜುಪೋಕ ಗೋಡೆಗೊರಗಿ ನಿಂತಿದ್ದಳು, ತಲಾತಾ ಅಜ್ಜಿಯ ಕೈ ಹಿಡಿದಿದ್ದಳು.

ಆಗ ಬಂದರು ದಗಾಬ ಹೆಂಗಸರು, ಎಂಟು ಜನ, ಹಾಡುತ್ತ ಬೈಯುತ್ತ. ಮುಂದೆ ಪರ್ಪೆತುವಾ. ಗಂಡಸರ ಅಂಗಿ ತೊಟ್ಟು, ಕೆಂಪು ಟೋಪಿ ಇಟ್ಟು, ಕೋಲು ಊರಿ, ಸತ್ತ ಅಯಂಬಿರೆ ಎಡಗಾಲು ಎಳೆಯುತ್ತಿದ್ದಂತೆಯೇ ಎಳೆಯುತ್ತ ಬಂದಳು. ಅವನ ಹೆಣ್ಣುಮಕ್ಕಳು ನಗುತ್ತಲೇ ಅತ್ತರು. ಅವಳು ಸೀದಾ ಹೋಗಿ ಬಿಲ್ಲು ಎತ್ತಿಕೊಂಡು, ತಿಪ್ಪೆಯ ಪಕ್ಕದ ಒರಳ ಮೇಲೆ ಕೂತುಬಿಟ್ಟಳು. ಡೋಲು ನಿಂತಿತು.

"ಬಂತಪ್ಪ ಪೀಡೆ," ಅಂದ ಅಕುರುಗು, ಪದ್ಧತಿಯ ಪ್ರಕಾರ. "ಏನು ಬೇಕು ನಮ್ಮ ಮನೆ ಆಳಿಗೆ?"

ಪರ್ಪೆತುವಾ ಅಯಂಬಿರೆಯ ಗೊಗ್ಗರು ದನಿಯಲ್ಲೇ ಹೇಳಿದಳು: "ಲೇ ಅಕುರುಗು, ನಾನು ಬರಿಗೈಲಿ ಹೋಗೋನಲ್ಲ. ಯೊರೊಬಿಸಿ ಹೆಂಗಸರು ದೇಶದಲ್ಲೆಲ್ಲ ಬುಟ್ಟಿ ಮಾರ್ತಾರೆ, ಹಿರೀಕರ ಹತ್ರ ಹೋದ್ರೆ ನಮ್ಮಪ್ಪ ಕೇಳ್ತಾನೆ, ಎಲ್ಲೋ ಬುಟ್ಟಿ ಅಂತ. ಮುನ್ನೂರು ಬುಟ್ಟಿ ಆಗ್ಬೇಕು. ಈ ಅಂಗಳದಲ್ಲೇ ಕೂತು ಕಮ್ಮಿ ಇರೋದನ್ನ ಹೆಣೆದು ಮುಗಿಸ್ಬೇಕು. ಅಲ್ಲೀವರೆಗೆ ಬಿಲ್ಲು ನನ್ನ ಮಡಿಲಲ್ಲಿ."

ಅಕುರುಗು ಗಿನಿಕೋಳಿ ಕೊಡುತ್ತೇನೆಂದ. ಅವಳು ಮೂಗು ಮುರಿದಳು. ಆಡು ತರಿಸಿದ. "ಈ ಆಡು ನಿನಗಿಂತ ಮುದಿ," ಅಂದಳು. ಅವನ ಹಣೆ ಗಂಟಿಕ್ಕಿತು. ಇಬ್ಬರು ಹಿರಿಯರನ್ನು ಕರೆದು ಬೇಲಿಯ ಆಚೆ ಹೋದ. ಎಷ್ಟು ಹೊತ್ತಾದರೂ ಬರಲಿಲ್ಲ. ಹುಲ್ಲು ನೆಟ್ಟ ದಿನದಿಂದ ಇಲ್ಲಿಯವರೆಗಿನದೆಲ್ಲ ಆ ಬೇಲಿಯ ಹಿಂದೆ ತೂಗಾಡುತ್ತಿದೆ ಅನ್ನಿಸಿತು ಅಜುಪೋಕಳಿಗೆ.

ವಾಪಸು ಬಂದವನು ಅವಳ ಎದುರಿಗೇ ನಿಂತ. "ಅತ್ತಿಗೆ, ಇದರಲ್ಲಿ ನಿನ್ನ ಕೈ ಇದೆಯಾ?"

ಸುಳ್ಳು ಅವಳ ಬಾಯಿಗೆ ಬರಲಿಲ್ಲ. "ಇದೆ ಅಪ್ಪಾ," ಅಂದಳು. "ಬಾಗಿಲು ನಾನೇ ತೋರಿಸ್ದೆ. ಆದ್ರೆ ಬಾಗಿಲು ನಾನು ಕೊರೆದಿದ್ದಲ್ಲ, ನಮ್ಮ ಹಿರೀಕರೇ ಇಟ್ಟಿದ್ದು. ತಪ್ಪಾದ್ರೆ ನನ್ನೊಬ್ಬಳನ್ನ ಆಚೆ ಹಾಕಿ."

ಅಕುರುಗು ಅವಳನ್ನೇ ನೋಡಿದ. ಅವನ ಗಂಟಲಲ್ಲಿ ಏನೋ ಕುಲುಕಿತು. ಸಿಟ್ಟೇ ಇರಬೇಕು ಅಂದುಕೊಂಡರು ಎಲ್ಲರೂ. ನಗು ಅದು. ಹೊಟ್ಟೆ ಹಿಡಿದುಕೊಂಡು ನಕ್ಕ. "ನಮ್ಮಣ್ಣ ಬದುಕಿದ್ದಿದ್ರೆ ಇದನ್ನ ಕೇಳಿ ಎರಡು ಬುರುಡೆ ಪಿಟೊ ಜಾಸ್ತಿ ಕುಡೀತಿದ್ದ," ಅಂದ. ಆಮೇಲೆ ದನಿ ಎತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದ: "ಗೇಲಿ ನೆಂಟರಿಂದ ಸತ್ತೋನ ಬಿಲ್ಲು ಬಿಡಿಸೋದು ಕೆಲಸ ಅಲ್ಲ, ಅದೂ ಕರ್ಮಾನೇ. ಹಿರೀಕರ ಮಾತು ಇದು. ಹುಲ್ಲು ತನ್ನಿ."

ಆಮೇಲಿನ ಐದು ದಿನವನ್ನು ಯೊರೊಬಿಸಿಯವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಡೋಲು ಬಡಿಯುತ್ತಿತ್ತು, ಗಂಡಸರು ಕುಣಿಯುತ್ತಿದ್ದರು, ನಡುವೆ ಅಂಗಳದ ತುಂಬ ಹೆಂಗಸರು ಕಾಲು ಚಾಚಿ ಕೂತು ಹುಲ್ಲು ಹೊಸೆಯುತ್ತಿದ್ದರು. ಅಜುಪೋಕ ಲೆಕ್ಕ ಹಾಕದೇ ಇದ್ದದ್ದು ಇನ್ನೊಂದಿತ್ತು. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಅರವತ್ತಕ್ಕೂ ಮೇಲೆ ಬಂದಿದ್ದರಲ್ಲ, ಅವರವೂ ಅದೇ ಮಣ್ಣಿನ ಕೈಗಳೇ. ಅಪ್ಪನ ಬಿಲ್ಲು, ದೊಡ್ಡಪ್ಪನ ಬಿಲ್ಲು ಬಿಡಿಸಬೇಕು ಎಂದು ಕೇಳದೆಯೇ ಕೂತರು. ನಲವತ್ತೊಂದು ಜೊತೆ ಕೈ ಇದ್ದದ್ದು ನೂರಾಯಿತು.

ಅಜುಪೋಕ ಅಳತೆಕೋಲು ಹಿಡಿದು ಸಾಲು ಸಾಲು ಸುತ್ತಿದಳು. "ಇದು ಬುಟ್ಟೀನಾ, ಕೋಳಿಗೂಡಾ? ಬಿಚ್ಚು." "ನಿನ್ನ ಗಂಡನ ಊರಲ್ಲಿ ಹೀಗೇ ಹೆಣೀತಾರಾ ತಾಯಿ? ಇಲ್ಲಿ ಹಾಗಲ್ಲ." "ಅಳು, ಬೇಡ ಅನ್ನಲ್ಲ, ಆದ್ರೆ ಹುಲ್ಲಿನ ಮೇಲೆ ಸುರಿಸ್ಬೇಡ, ಬಣ್ಣ ಇಳಿಯುತ್ತೆ." ತಲಾತಾ ಮತ್ತು ಶಾಲೆಯ ಹುಡುಗಿಯರು ಹಂಡೆಯಲ್ಲಿ ಬಣ್ಣ ಕುದಿಸಿದರು, ಹೆಣೆದಾದ ಬುಟ್ಟಿಯ ಚಾಚಿದ ಎಳೆಗಳನ್ನು ಕತ್ತರಿಸಿದರು. ಪರ್ಪೆತುವಾ ಬಿಲ್ಲನ್ನು ಮಡಿಲಲ್ಲಿಟ್ಟುಕೊಂಡು ಒರಳ ಮೇಲೆ ಐದು ದಿನವೂ ಕೂತಳು. ತನ್ನ ಅಂಗಡಿಯಲ್ಲಿ ತಿಂಗಳಿಗೆ ಕಾಯಿಸುವಷ್ಟು ಪಿಟೊ ಅವಳೊಬ್ಬಳೇ ಕುಡಿದಳು ಅನ್ನುವವರಿದ್ದಾರೆ. "ಬೇಗ ಬೇಗ ನನ್ನ ಆಳುಗಳೇ," ಎಂದು ಕೂಗುತ್ತಿದ್ದಳು, ಬುರುಡೆ ಖಾಲಿಯಾದಾಗಲೆಲ್ಲ.

ಐದನೇ ದಿನ ಮಧ್ಯಾಹ್ನ ಮೊದಲಿನವೂ ಸೇರಿ ಎಣಿಸಿದರೆ ಮುನ್ನೂರ ಒಂಬತ್ತು.

ಪರ್ಪೆತುವಾ ಎದ್ದಳು. ಬುಟ್ಟಿಗಳ ರಾಶಿಯ ಸುತ್ತ ಒಂದು ಸುತ್ತು ಬಂದು, ಎಲ್ಲಕ್ಕಿಂತ ಸೊಟ್ಟಗಿದ್ದ ಒಂದನ್ನು ಆರಿಸಿಕೊಂಡು, ಉಳಿದದ್ದನ್ನು ಹೊತ್ತುಕೊಂಡು ಹೋಗಲು ತನಗೆ ಪುರುಸೊತ್ತಿಲ್ಲ, ಆಳುಗಳೇ ಇಟ್ಟುಕೊಳ್ಳಲಿ ಅಂದಳು. ಬಿಲ್ಲನ್ನು ಅಕುರುಗುವಿನ ಕೈಗೆ ಕೊಡುವಾಗ ಮಾತ್ರ ಟೋಪಿ ತೆಗೆದಳು. ತನ್ನದೇ ದನಿಯಲ್ಲಿ, "ಹೋಗಿ ಬಾ ಅಣ್ಣ," ಅಂದಳು. "ನನ್ನ ಪಿಟೊ ನೀರು ಅಂತ ಒಂದು ದಿನವೂ ಅಂದೋನಲ್ಲ ನೀನು."

ಏಳನೇ ದಿನ ಕೊನೆಯ ಮಡಕೆ ಬೋರಲು ಬಿತ್ತು. ಕರ್ಮ ಅಷ್ಟು ಚೆನ್ನಾಗಿ ಆದದ್ದು ಯಾರ ನೆನಪಿನಲ್ಲೂ ಇರಲಿಲ್ಲ.

ಅರಬಾಳ ಲಾರಿ ಹೇಳಿದ ದಿನ, ಹೇಳಿದ ಹೊತ್ತಿಗೆ ಬಂತು. ಬುಟ್ಟಿಗಳು ಬಾವೊಬಾಬ್ ಮರದ ಕೆಳಗೆ ಕಾಯುತ್ತಿದ್ದವು. ಅವಳು ಎಳೆದಳು, ತಿರುವಿದಳು, ಕೂತಳು, ಎದ್ದಳು. ನಾಲ್ಕನ್ನು ಪಕ್ಕಕ್ಕಿಟ್ಟಳು. ಅಜುಪೋಕ ಬೇರೆ ನಾಲ್ಕು ತಂದಿಟ್ಟಳು. ಅರಬಾ ಆ ದಿನ ಮೊದಲ ಸಲ ಹಲ್ಲು ಬಿಟ್ಟಳು. "ಮುಂದಿನ ವರ್ಷ ಆರುನೂರು," ಅಂದಳು. "ಆಗುತ್ತಾ?"

"ಮನೆತನದಲ್ಲಿ ಇನ್ನೂ ಇಬ್ಬರ ಕರ್ಮ ಬಾಕಿ ಇದೆ, ಆಗುತ್ತೆ," ಅಂದಳು ಅಜುಪೋಕ. ಅರಬಾಗೆ ಅರ್ಥವಾಗಲಿಲ್ಲ, ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದದ್ದನ್ನು ನೋಡಿ ಅವಳೂ ನಕ್ಕಳು.

ಆ ತಿಂಗಳ ಕೊನೆಗೆ ಸಿಮೋನ್ ಬಂದ. ಮುಖದಲ್ಲಿ ಸಿಹಿಸುದ್ದಿ ತಂದವನ ಕಳೆ. ದೊಡ್ಡ ಕಚೇರಿಯವರಿಗೆ ಬರೆದು ಕೇಳಿಕೊಂಡಿದ್ದನಂತೆ, ಅವರು ಯೊರೊಬಿಸಿಗೆ ಇನ್ನೂ ಎರಡು ವರ್ಷ ಕೊಡಲು ಒಪ್ಪಿದ್ದರಂತೆ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ವಾರವೇ ಕೂತು ಮಾತಾಡಿ ಮುಗಿಸಿದ್ದರು. ಅಜುಪೋಕ ಸೊಂಟ ಹಿಡಿದುಕೊಂಡು ಎದ್ದಳು.

"ಬೇಡ ಮಗ," ಅಂದಳು.

"ಏನಜ್ಜಿ?"

"ಎರಡು ವರ್ಷ ಬೇಡ. ಬರೋ ವರ್ಷದ ಕೊನೇವರೆಗೂ ಬೇಡ. ಈ ಶಾಲೆ ವರ್ಷದಿಂದಲೇ ನಮ್ಮ ಇಪ್ಪತ್ತೊಂದು ಮಕ್ಕಳು ನಮ್ಮವು. ಬುಟ್ಟಿ ಹೋಗಿದೆ, ಇನ್ನೂ ಆರುನೂರು ಹೋಗುತ್ತೆ. ಹುಲ್ಲು ನಮ್ಮ ಹಳ್ಳದಲ್ಲಿದೆ. ನೀನು ಮೊದಲ್ನೇ ದಿನ ಹೇಳಿದ್ಯಲ್ಲ, ನಿಂತ್ಕೊಳ್ಳಿ ಅಂತ. ನಿಂತಿದ್ದೀವಿ. ನೋಡ್ಕೋ."

ಸಿಮೋನ್ ಏನೋ ಹೇಳಹೋದ. ಈ ಹತ್ತು ವರ್ಷದಲ್ಲಿ ಮೀಸೆ ಚೆನ್ನಾಗಿ ಬೆಳೆದಿತ್ತು ಅವನಿಗೆ, ಅದು ಅದುರಿತು. ಮುಖ ಆಚೆ ತಿರುಗಿಸಿಕೊಂಡ. "ಅಯ್ಯೋ, ಗಂಡುಮಗ ಅಳ್ತಾನಲ್ರೇ," ಎಂದು ಯಾರೋ ಹಿಂದಿನಿಂದ ಅಂದರು. "ಬಿಡೇ, ನಮ್ಮನ್ನ ಎಷ್ಟು ಅಳಿಸಿದ್ದ," ಅಂದಳು ಇನ್ನೊಬ್ಬಳು.

ಅವತ್ತು ಸಂಜೆ ಅಜುಪೋಕ ಹೇಳಿದಳು, ತಲಾತಾ ಬರೆದಳು. ಇಂಗಾ ತಂಗಿ, ನಿನ್ನ ಕೈ ಈ ಮಗುವಿನ ತಲೆಯ ಮೇಲೆ ಹತ್ತು ವರ್ಷ ಇತ್ತು, ಭಾರ ಅಂತ ನೀನು ಒಂದು ದಿನವೂ ಅನ್ನಲಿಲ್ಲ. ಈಗ ತೆಗಿ. ಹೊಳೆಯಾಚೆ ಕುಸಾಸಿ ಜನರ ಊರಿದೆಯಂತೆ, ಸಿಮೋನ್ ಅಲ್ಲಿಗೆ ಹೋಗುತ್ತಾನಂತೆ. ಅಲ್ಲಿ ಯಾವುದಾದರೂ ಚಿಕ್ಕ ತಲೆ ನೋಡು. ಅದಕ್ಕೂ ಮುಂಚೆ ಒಂದು ವರ್ಷ ನಿನ್ನ ಕಾಲಿಗೆ ಸ್ವಲ್ಪ ವಿಶ್ರಾಂತಿ ಕೊಡು. ನಮ್ಮ ಶಿಯಾ ಬೀಜದ ಬೆಣ್ಣೆ ಕಳಿಸುತ್ತಿದ್ದೇನೆ, ಪಾದಕ್ಕೆ ಹಚ್ಚಿಕೋ.

"ವಿಶ್ರಾಂತಿ ಅಂತ ಬರೀಬೇಕಾ ಅಜ್ಜಿ? ಕೊಡೋದು ನಿಲ್ಲಿಸು ಅಂದ ಹಾಗಾಗಲ್ವಾ?"

"ಬರಿ. ಅವಳಿಗೆ ಅರ್ಥ ಆಗುತ್ತೆ."

ಶಾಲೆ ತೆರೆಯುವ ದಿನ ತಲಾತಾಳ ಪೆಟ್ಟಿಗೆಯನ್ನು ಬೋಲ್ಗಾದ ಲಾರಿಗೆ ಏರಿಸಲು ಒಂದಿಡೀ ಹಿಂಡು ಬಂದಿತ್ತು. ಅಕುರುಗು ತಾನೇ ಬಂದು ನೆಲಗಡಲೆಯ ಚೀಲ ಕೊಟ್ಟ. ಒಬ್ಬೊಬ್ಬ ಹೆಂಗಸೂ ಒಂದೊಂದು ಬುದ್ಧಿ ಹೇಳಿದಳು, ಒಂದಕ್ಕೊಂದು ಹೊಂದಿಕೆಯಿಲ್ಲ. ಚೆನ್ನಾಗಿ ತಿನ್ನು, ಜಾಸ್ತಿ ತಿನ್ನಬೇಡ, ಯಾರ ಜೊತೆಯೂ ಜಗಳ ಆಡಬೇಡ, ಯಾರಾದರೂ ಹೊಡೆದರೆ ಬಿಡಬೇಡ. ತಲಾತಾ ಎಲ್ಲಕ್ಕೂ ಹೂಂ ಅಂದಳು.

ಲಾರಿಯವನು ಹೊಸಬ, ಅವಸರದವನು. ಎಷ್ಟು ಹೊತ್ತು ಅಂತ ಹಾರನ್ ಒತ್ತಿದ. ಅಜುಪೋಕ ಸೀದಾ ಅವನ ಬಾಗಿಲ ಹತ್ತಿರ ಹೋದಳು.

"ನಿಧಾನವಾಗಿ ಓಡ್ಸು ತಮ್ಮಾ. ಆ ಹಳ್ಳದ ತಿರುವಲ್ಲಿ ಇನ್ನೂ ನಿಧಾನ."

"ಯಾಕಜ್ಜಿ, ದೊರೆ ಮಗಳಾ?"

"ದೊರೆ ಮಗಳಿಗೆ ಒಬ್ಬಳೇ ತಾಯಿ ಇರ್ತಾಳೆ," ಅಂದಳು ಅವಳು. "ಇವಳಿಗೆ ನಲವತ್ತೊಂದು ತಾಯಂದಿರು. ಒಂದೊಂದು ಗುಂಡಿಗೂ ನಲವತ್ತೊಂದು ಜನ ಬಂದು ಕೇಳ್ತೀವಿ."

ಅವನು ಹೆಂಗಸರ ಗುಂಪನ್ನು ಒಂದು ಸಲ ನೋಡಿದ. ಆಮೇಲೆ ಲಾರಿಯನ್ನು, ತಲೆಯ ಮೇಲೆ ತುಂಬಿದ ಕೊಡ ಹೊತ್ತ ಹೆಣ್ಣುಮಗಳಂತೆ, ಮೆಲ್ಲಗೆ ಮುಂದಕ್ಕೆ ಬಿಟ್ಟ.